ಕೂಲಿಗೆ ಕಾಲಂ ಇದೆ, ಕಾರಣಕ್ಕೆ ಕಾಲಂ ಎಲ್ಲಿದೆ ಸ್ವಾಮಿ?



ನಾನು ಡಾಕ್ಟರಲ್ಲ, ಅಧಿಕಾರಿಯಲ್ಲ, ವೇದಿಕೆ ಹತ್ತುವ ಭಾಷಣಕಾರನಂತೂ ಅಲ್ಲವೇ ಅಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರಿಂಟಿಂಗ್ ಪ್ರೆಸ್ಸಿಗೆ ಬಂದು ಕೂತವನು. ಅಪ್ಪನ ಕಾಲಕ್ಕೆ ಕಾಲಲ್ಲಿ ತುಳಿಯುವ ಟ್ರೆಡಲ್ ಮಿಷನ್ನು, ಸೀಸದ ಮೊಳೆ. ನನ್ನ ಕಾಲಕ್ಕೆ ಆಫ್‌ಸೆಟ್ಟು, ಕಂಪ್ಯೂಟರು. ಆದಿಚುಂಚನಗಿರಿ ಬೆಟ್ಟದ ಆಸುಪಾಸಿನ ಹಳ್ಳಿಗಳ ಮದುವೆ ಪತ್ರಿಕೆ, ತಿಥಿ ಕಾರ್ಡು, ಡೇರಿ ಪುಸ್ತಕ, ರಾಜ್ಯೋತ್ಸವದ ಕರಪತ್ರ ಎಲ್ಲಾ ನಮ್ಮಲ್ಲೇ. ಇದರ ಜೊತೆಗೆ ಇನ್ನೊಂದು ಕೆಲಸವಿದೆ. ರಿಜಿಸ್ಟರು, ನಮೂನೆ, ರಸೀದಿ ಪುಸ್ತಕ. ಅಂದರೆ ಗೆರೆ ಎಳೆಯುವ ಕೆಲಸ.

ಇಪ್ಪತ್ತೈದು ವರ್ಷ ಗೆರೆ ಎಳೆದವನಿಗೆ ಒಂದು ಸತ್ಯ ಗೊತ್ತಾಗುತ್ತದೆ. ಕಾಗದದ ಮೇಲೆ ಯಾವುದಕ್ಕೆ ಕಾಲಂ ಇದೆಯೋ ಅದು ಸರ್ಕಾರದ ಕಣ್ಣಿಗೆ ಬೀಳುತ್ತದೆ. ಯಾವುದಕ್ಕೆ ಕಾಲಂ ಇಲ್ಲವೋ ಅದು ನಡೆದೇ ಇಲ್ಲ!

ಈ ಮಾತನ್ನು ಇವತ್ತು ಯಾಕೆ ಎತ್ತುತ್ತಿದ್ದೇನೆ ಅಂದರೆ, ನಮ್ಮ ಆರೋಗ್ಯ ಇಲಾಖೆಯಲ್ಲಿ 'ಮಾಡಿದ ಕೆಲಸಕ್ಕೆ ತಕ್ಕ ಕಾಸು' ಎಂಬ ಪದ್ಧತಿ ಬಂದು ವರ್ಷಗಳೇ ಆದವು. ಹೆರಿಗೆಗೆ ಇಷ್ಟು, ಚುಚ್ಚುಮದ್ದಿಗೆ ಇಷ್ಟು, ಕ್ಷಯ ರೋಗಿ ಮಾತ್ರೆ ಮುಗಿಸಿದರೆ ಇಷ್ಟು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಆ ಕಾಸು ಯಾರಿಗೆ ಸಲ್ಲಬೇಕು, ಯಾರಿಗೆ ಸಲ್ಲಬಾರದು ಅಂತ ಕೊನೆಗೆ ತೀರ್ಮಾನಿಸುವವರು ಯಾರು? ವಿಧಾನಸೌಧದವರಲ್ಲ, ದಿಲ್ಲಿಯವರಲ್ಲ. ರಿಜಿಸ್ಟರ್ ಮುಂದೆ ಪೆನ್ನು ಹಿಡಿದು ಕೂತವರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿಯ ವಿಷಯ ಇದು.

ಮೂವತ್ತೊಂದನೇ ದಿನ

ನನ್ನ ತಮ್ಮನ ಹೆಂಡತಿ ಆಶಾ ಕಾರ್ಯಕರ್ತೆ. ಹತ್ತನೇ ಕ್ಲಾಸು ಓದಿದ್ದಾಳೆ. ಒಂದು ಸಂಜೆ ಪ್ರೆಸ್ಸಿಗೆ ಬಂದಳು. ಕೈಯಲ್ಲಿ ಒಂದು ಹಾಳೆ.

"ಭಾವ, ಇದ ಒಸಿ ಓದಿ ಹೇಳಿ. ಇದ್ರಲ್ಲಿ ಮಗು ಸತ್ರೆ ಕಾಸಿಲ್ಲ ಅಂತ ಬರ್ದಿದ್ಯಾ?"

ಹಾಳೆ ಇಂಗ್ಲಿಷಿನಲ್ಲಿತ್ತು. ಕನ್ನಡ ನಾಡಿನ ಹಳ್ಳಿಯಲ್ಲಿ ಕನ್ನಡತಿಯರ ಮನೆಗೆ ಹೋಗಿ ಕನ್ನಡದ ಕೂಸು ತೂಗುವ ಹೆಣ್ಣುಮಗಳ ಕೂಲಿಯ ಷರತ್ತು ಇಂಗ್ಲಿಷಿನಲ್ಲಿ! ಇರಲಿ, ಆ ಸಿಟ್ಟು ಆಮೇಲೆ. ಓದಿದೆ. ನನಗೆ ತಿಳಿದಷ್ಟು ಬಿಡಿಸಿ ಹೇಳಿದೆ.

ವಿಷಯ ಇಷ್ಟು. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ತಾಯಿ ಮಗುವನ್ನು ಆಶಾ ಕಾರ್ಯಕರ್ತೆ ಆರು ಸಲ ಹೋಗಿ ನೋಡಬೇಕು. ೩, ೭, ೧೪, ೨೧, ೨೮ ಮತ್ತು ೪೨ನೇ ದಿನ. ಮಗುವಿನ ತೂಕ, ಮೈ ಬಿಸಿ, ಹಾಲು ಕುಡಿಯುತ್ತಿದೆಯಾ, ಹೊಕ್ಕಳು ಒಣಗಿದೆಯಾ, ಬಾಣಂತಿಗೆ ಜ್ವರ ಇದೆಯಾ, ಎಲ್ಲಾ ನೋಡಿ ಬರೆಯಬೇಕು. ಆರೂ ಭೇಟಿಗೆ ಸೇರಿ ೨೫೦ ರೂಪಾಯಿ. ಕೇಂದ್ರದ ಮಾರ್ಗಸೂಚಿಯ ಪ್ರಕಾರ ಆ ಹಣ ಕೈಗೆ ಬರಬೇಕಾದರೆ ಹುಟ್ಟಿದ ತೂಕ ಕಾರ್ಡಿನಲ್ಲಿ ಬರೆದಿರಬೇಕು, ಮೊದಲ ಲಸಿಕೆಗಳು ಬಿದ್ದಿರಬೇಕು, ಜನನ ನೋಂದಣಿ ಆಗಿರಬೇಕು. ಕೊನೆಯದು, ೪೨ನೇ ದಿನದವರೆಗೆ ತಾಯಿ ಮಗು ಇಬ್ಬರೂ ಕ್ಷೇಮವಾಗಿರಬೇಕು.

ಇವಳು ನೋಡಿಕೊಂಡ ಕೂಸು ಮೂವತ್ತೊಂದನೇ ದಿನ ತೀರಿಕೊಂಡಿತ್ತು. ಐದು ಸಲ ಹೋಗಿದ್ದಾಳೆ. ತೂಕ ಕಡಿಮೆ ಇದೆ, ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಅಂತ ಎರಡು ಸಲ ಮನೆಯವರ ಕಾಲು ಹಿಡಿದಿದ್ದಾಳೆ. ಅವರು ಹೋಗಲಿಲ್ಲ. ಮಗು ಹೋಯಿತು. ಅವಳ ಐದು ಭೇಟಿಯೂ ಹೋಯಿತು. "ರೂಲ್ಸಲ್ಲಿ ಇಲ್ಲ ಕಣಮ್ಮ, ನಾನೇನು ಮಾಡ್ಲಿ" ಅಂದರಂತೆ ನರ್ಸಮ್ಮ. ಆಯಮ್ಮ ಕೆಟ್ಟವರಲ್ಲ. ಕಾಗದದಲ್ಲಿ ಇದ್ದದ್ದನ್ನು ಹೇಳಿದರು.

ಇನ್ನೊಂದು ಕಡೆಯ ಕತೆ ಕೇಳಿ. ಅವಳ ಜೊತೆ ಕೆಲಸ ಮಾಡುವ ಇನ್ನೊಬ್ಬಳು ಹೇಳಿದ್ದು. ಅಲ್ಲಿ ಕೂಸು ಹೋಗಿದ್ದು ಇಪ್ಪತ್ತಾರನೇ ದಿನ. ಅಲ್ಲಿನ ನರ್ಸಮ್ಮನಿಗೆ ಕರುಳು ಚುರ್ ಅಂದಿತು. ಪಾಪ, ಬಿಸಿಲಲ್ಲಿ ಅಲೆದಿದ್ದಾಳೆ, ಹೊಟ್ಟೆ ಮೇಲೆ ಯಾಕೆ ಹೊಡೆಯೋದು ಅಂತ ರಿಜಿಸ್ಟರಿನಲ್ಲಿ ಆ ಮಗುವನ್ನು ಆರು ವಾರ ದಾಟಿಸಿಬಿಟ್ಟರು. ಕಾಸು ಬಂತು. ಸಾವು ಮುಂದಕ್ಕೆ ಹೋಯಿತು.

ಈಗ ಹೇಳಿ, ಯಾರು ಸರಿ? ಮೊದಲನೆಯವರು ನಿಜ ಬರೆದು ಬಡವಳ ಕೂಲಿ ತಪ್ಪಿಸಿದರು. ಎರಡನೆಯವರು ಕೂಲಿ ಕೊಡಿಸಿ ಸುಳ್ಳು ಬರೆದರು. ಹುಟ್ಟಿದ ೨೮ ದಿನದೊಳಗೆ ಸಾಯುವ ಶಿಶುಗಳನ್ನು ಸರ್ಕಾರ ಬೇರೆಯಾಗಿಯೇ ಎಣಿಸುತ್ತದೆ. ಎಲ್ಲಿ ಹೆಚ್ಚು ಸಾಯುತ್ತಿವೆಯೋ ಅಲ್ಲಿಗೆ ಡಾಕ್ಟರು, ವಾರ್ಮರು, ಔಷಧಿ ಹೋಗಬೇಕು ಅಂತ. ಇಲ್ಲಿ ಒಂದು ಸಾವು ಆ ಎಣಿಕೆಯಿಂದ ಜಾರಿತು. ೨೫೦ ರೂಪಾಯಿಯ ಕರುಣೆಗೆ ಆ ಊರಿನ ಮುಂದಿನ ಕೂಸು ಬೆಲೆ ತೆರಬೇಕಾಗಬಹುದು.

ಇಬ್ಬರೂ ಒಳ್ಳೆಯವರೇ. ಕೆಟ್ಟದ್ದು ಯಾವುದು ಅಂದರೆ, ಇಬ್ಬರ ಮುಂದೆಯೂ ಇದ್ದ ಹಾಳೆಯಲ್ಲಿ 'ಇವಳು ಐದು ಸಲ ಹೋದಳು, ಮಗು ಇವಳ ತಪ್ಪಿಲ್ಲದೆ ಸತ್ತಿತು' ಅಂತ ಬರೆಯಲು ಜಾಗವೇ ಇರಲಿಲ್ಲ.

ತವರಿನ ಹೆರಿಗೆ ಯಾರ ಲೆಕ್ಕ?

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ಇದು ಗೊತ್ತಿಲ್ಲದ ಮನೆ ಇದೆಯಾ? ಕೆ.ಆರ್.ಪೇಟೆ ಕಡೆಗೆ ಕೊಟ್ಟ ಹುಡುಗಿ ಏಳು ತಿಂಗಳು ತುಂಬಿದ ಮೇಲೆ ನಾಗಮಂಗಲದ ತವರಿಗೆ ಬರುತ್ತಾಳೆ. ಪಾಂಡವಪುರದ ಸೊಸೆ ಶ್ರೀರಂಗಪಟ್ಟಣಕ್ಕೆ ಹೋಗುತ್ತಾಳೆ.

ಜನನಿ ಸುರಕ್ಷಾ ಯೋಜನೆಯಲ್ಲಿ ಹಳ್ಳಿಯ ಆಶಾ ಕಾರ್ಯಕರ್ತೆಗೆ ಒಂದು ಹೆರಿಗೆಗೆ ೬೦೦ ರೂಪಾಯಿ. ಅದರಲ್ಲಿ ೩೦೦ ಬಸುರಿಯ ತಪಾಸಣೆಗಳನ್ನು ಮಾಡಿಸಿದ್ದಕ್ಕೆ, ೩೦೦ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದ್ದಕ್ಕೆ. ಗಂಡನ ಊರಿನವಳು ಆರು ತಿಂಗಳು ಕಬ್ಬಿಣದ ಮಾತ್ರೆ ನುಂಗಿಸಿದ್ದಾಳೆ. ತವರೂರಿನವಳು ರಾತ್ರಿ ಎರಡು ಗಂಟೆಗೆ ಆಂಬ್ಯುಲೆನ್ಸ್ ಹತ್ತಿದ್ದಾಳೆ. ಕಾಗದದಲ್ಲಿ ಲೆಕ್ಕ ಎರಡು ಭಾಗ. ಆದರೆ ತವರೂರಿನಲ್ಲಿ ತಾಯಿ ಕಾರ್ಡು ಹೊಸದಾಗಿ ನೋಂದಾಯಿಸಿದರೆ ಮೊದಲಿನವಳ ಹೆಸರು ಮಾಯ. ಹಳೆಯ ನೋಂದಣಿಯಲ್ಲೇ ಬಿಟ್ಟರೆ ಎರಡನೆಯವಳು ಮಾಯ. ಎಲ್ಲಿ ಬರೆಯಬೇಕು, ಯಾವಾಗ ಬರೆಯಬೇಕು, ಯಾರ ಹೆಸರು ಹಾಕಬೇಕು ಅನ್ನುವುದು ಕಂಪ್ಯೂಟರ್ ಮುಂದೆ ಕೂತವರ ಕೈಯಲ್ಲಿ.

ಆರ್‌ಸಿಎಚ್ ಪೋರ್ಟಲ್ ಅಂತ ಒಂದಿದೆ. ಬಸುರಿ, ಬಾಣಂತಿ, ಮಗುವಿನ ಲೆಕ್ಕವೆಲ್ಲ ಅದರಲ್ಲಿ. ಕೆಲಸ ಮಾಡುವವಳು ಆಶಾ, ಅದರಲ್ಲಿ ಏರಿಸುವವರು ಬೇರೆ. ಅವರು ಏರಿಸದಿದ್ದರೆ ಇವಳು ಮಾಡಿದ್ದು ಸೊನ್ನೆ. ಆ ಪೋರ್ಟಲಿನಲ್ಲಿ ಹೆಸರು ಬಿಟ್ಟುಹೋಗಿ ಕೂಲಿ ತಪ್ಪುತ್ತಿದೆ, ನಮ್ಮ ಪ್ರೋತ್ಸಾಹಧನವನ್ನು ಅದಕ್ಕೆ ಕಟ್ಟಿಹಾಕಬೇಡಿ ಅಂತ ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರು ಬೀದಿಗಿಳಿದು ಕೇಳಿದ್ದಾರೆ. ೨೦೨೫ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಾಲ್ಕು ದಿನ ಹಗಲು ರಾತ್ರಿ ಕೂತರು. ಪ್ರೋತ್ಸಾಹಧನವೂ ಸೇರಿ ತಿಂಗಳಿಗೆ ಕನಿಷ್ಠ ೧೦,೦೦೦ ರೂಪಾಯಿ ಸಿಗುವಂತೆ ಮಾಡುತ್ತೇವೆ ಅಂತ ಮುಖ್ಯಮಂತ್ರಿಗಳಿಂದ ಮಾತು ಬಂದ ಮೇಲೆ ಎದ್ದರು. ರಾಜ್ಯದಲ್ಲಿ ಇವರ ಸಂಖ್ಯೆ ಸುಮಾರು ೪೨,೦೦೦. ಪ್ರತಿಯೊಬ್ಬರ ಹೊಟ್ಟೆಪಾಡಿನ ಒಂದು ಪಾಲು ಇನ್ನೊಬ್ಬರ ಪೆನ್ನಿನ ತುದಿಯಲ್ಲಿದೆ.

ನನ್ನ ಪ್ರೆಸ್ಸಿನಲ್ಲಿ ಕಲಿತ ಪಾಠ

ಇನ್ನೊಬ್ಬರ ಹುಳುಕು ಹೇಳುವ ಮೊದಲು ನನ್ನದು ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ನಾನೂ ಜಾಣ ಅಂದುಕೊಂಡು ಮಿಷನ್ ಹುಡುಗನಿಗೆ ತಿಂಗಳ ಸಂಬಳ ಕಡಿಮೆ ಮಾಡಿ ಸಾವಿರ ಹಾಳೆಗೆ ಇಷ್ಟು ಅಂತ ಮಾಡಿದೆ. ಮೊದಲ ವಾರ ಮಿಷನ್ನು ನಿಲ್ಲಲೇ ಇಲ್ಲ. ನನಗೆ ಖುಷಿಯೋ ಖುಷಿ. ಎರಡನೇ ತಿಂಗಳು ಒಬ್ಬ ಗಿರಾಕಿ ರಸೀದಿ ಪುಸ್ತಕದ ಕಟ್ಟು ತಂದು ಮೇಜಿನ ಮೇಲೆ ಕುಕ್ಕಿದ. ಬಿಚ್ಚಿ ನೋಡಿದರೆ ಮೇಲಿನ ಇಪ್ಪತ್ತು ಹಾಳೆ ಚೊಕ್ಕ, ಕೆಳಗಿನ ಇಪ್ಪತ್ತು ಹಾಳೆ ಚೊಕ್ಕ. ನಡುವೆ ಮಸಿ ಕಲಸಿದ್ದು, ಗೆರೆ ಓರೆಯಾದದ್ದು, ನಂಬರ್ ಬೀಳದ್ದು. ಹುಡುಗ ಕಳ್ಳನಲ್ಲ. ನಾನು ಹಾಳೆಗೆ ಕಾಸು ಕೊಟ್ಟೆ, ಅವನು ಹಾಳೆ ಕೊಟ್ಟ. ಒಳ್ಳೆಯ ಹಾಳೆ ಅಂತ ನಾನು ಎಲ್ಲಿ ಹೇಳಿದ್ದೆ?

ಅವನನ್ನು ಬೈಯಲು ಬಾಯಿ ಬರಲಿಲ್ಲ. ಮತ್ತೆ ತಿಂಗಳ ಸಂಬಳ ಮಾಡಿದೆ. ಮೇಲೆ ಹಬ್ಬಕ್ಕೆ ಸ್ವಲ್ಪ. ಕೆಟ್ಟ ಹಾಳೆಯನ್ನು ಬೇರೆ ಇಟ್ಟು 'ಇಷ್ಟು ಕೆಟ್ಟಿತು, ಇಂಥ ಕಾರಣಕ್ಕೆ' ಅಂತ ಹೇಳಿದರೆ ಬೈಯುವುದಿಲ್ಲ ಅಂತ ಮಾತು ಕೊಟ್ಟೆ. ಅಂದಿನಿಂದ ಕಟ್ಟಿನ ನಡುವೆ ಕೈ ಹಾಕಿ ನೋಡುವ ಕೆಲಸ ಕಡಿಮೆಯಾಯಿತು.

ಮಸಿ ಹಾಳೆಯ ಮೇಲೆ ಬಿದ್ದರೆ ಗಿರಾಕಿ ಬಂದು ಜಗಳ ಆಡುತ್ತಾನೆ. ಮನುಷ್ಯರ ಮೇಲೆ ಬಿದ್ದರೆ?

ಲೆಕ್ಕ ತುಂಬಿಸಲು ಹೋಗಿ

ನಮ್ಮ ದೇಶ ಈ ಪಾಠವನ್ನು ರಕ್ತ ಕೊಟ್ಟು ಕಲಿತಿದೆ. ೧೯೭೫ರಿಂದ ೧೯೭೭ರ ತುರ್ತು ಪರಿಸ್ಥಿತಿಯ ಕಾಲವನ್ನು ನಮ್ಮ ಅಪ್ಪಂದಿರನ್ನು ಕೇಳಿ. ಇಷ್ಟು ಸಂತಾನಹರಣ ಆಪರೇಷನ್ ಮಾಡಿಸಲೇಬೇಕು ಅಂತ ಮೇಲಿಂದ ಗುರಿ ಬಂತು. ೧೯೭೬-೭೭ ಒಂದೇ ಸಾಲಿನಲ್ಲಿ ದೇಶದಲ್ಲಿ ೮೦ ಲಕ್ಷಕ್ಕೂ ಹೆಚ್ಚು ಆಪರೇಷನ್. ಗುರಿ ಮುಟ್ಟಿಸಲು ಮೇಷ್ಟರು, ಶಾನುಭೋಗರು, ಡಾಕ್ಟರು ಎಲ್ಲಾ ಊರೂರು ಜನ ಹುಡುಕಿದರು. ಆ ಗುರಿ ಪದ್ಧತಿಯನ್ನು ಅಧಿಕೃತವಾಗಿ ಕೈಬಿಡಲು ೧೯೯೬ರ ಏಪ್ರಿಲ್‌ವರೆಗೆ ಕಾಯಬೇಕಾಯಿತು.

ಕೈಬಿಟ್ಟ ಮೇಲೂ ಚಟ ಹೋಗಲಿಲ್ಲ. ೨೦೧೪ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಒಂದು ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ ೮೩ ಹೆಂಗಸರಿಗೆ ಆಪರೇಷನ್ ಮಾಡಿದರು. ಒಂದು ದಿನಕ್ಕೆ ೩೦ ಮೀರಬಾರದು ಅಂತ ಸರ್ಕಾರದ್ದೇ ನಿಯಮ. ಹನ್ನೆರಡಕ್ಕೂ ಹೆಚ್ಚು ತಾಯಂದಿರು ಸತ್ತರು. ಆಪರೇಷನ್ ಮಾಡಿದ ಡಾಕ್ಟರಿಗೆ ಅದೇ ವರ್ಷ ಹೆಚ್ಚು ಆಪರೇಷನ್ ಮಾಡಿದ್ದಕ್ಕೆ ಸರ್ಕಾರದ ಸನ್ಮಾನವೂ ಆಗಿತ್ತು! ೨೦೧೬ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಅಂತ ಆದೇಶಿಸಬೇಕಾಯಿತು.

ಅಲ್ಲಿ ಆ ದಿನ 'ಇವತ್ತು ಇಷ್ಟೇ ಸಾಕು, ಉಳಿದವರು ನಾಳೆ ಬನ್ನಿ' ಅನ್ನುವ ವಿವೇಚನೆ ಒಬ್ಬ ಡಾಕ್ಟರಿಗೆ ಇರಬೇಕಿತ್ತು. ಎಷ್ಟು ಎಂಬ ಲೆಕ್ಕಕ್ಕೆ ಹಾರ ಹಾಕುವ ಕಡೆ ಸಾಕು ಅನ್ನುವವನಿಗೆ ಹಾರ ಯಾರು ಹಾಕುತ್ತಾರೆ?

ನಮ್ಮ ಜಿಲ್ಲೆಯದೇ ನೋಡಿ. ೨೦೨೩ರಲ್ಲಿ ಮಂಡ್ಯ ತಾಲ್ಲೂಕಿನ ಹಾಡ್ಯದ ಬಳಿಯ ಆಲೆಮನೆಯಲ್ಲಿ ಹೆಣ್ಣು ಭ್ರೂಣ ಪತ್ತೆ ನಡೆಯುತ್ತಿತ್ತು ಅಂತ ಹೊರಬಿತ್ತು. ಬೆಲ್ಲ ಬೇಯಿಸುವ ಜಾಗದಲ್ಲಿ! ೨೦೨೪ರ ಮೇ ತಿಂಗಳಲ್ಲಿ ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಭ್ರೂಣಹತ್ಯೆಯ ಪ್ರಕರಣ. ನಾಚಿಕೆಯಿಂದ ತಲೆ ತಗ್ಗಿಸಬೇಕಾದ ಸಂಗತಿ. ಆಲೆಮನೆಯ ದಂಧೆಯ ಜಾಡು ಸಿಕ್ಕಿದ್ದು ಹೇಗೆ? ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಅನುಮಾನದ ಮೇಲೆ ಒಂದು ಕಾರು ಹಿಡಿದು. ಪ್ರತಿ ಬಸುರಿಯನ್ನೂ ಹೆಸರು ಹಿಡಿದು ಬರೆಯುವ ನಮ್ಮ ದಪ್ಪ ದಪ್ಪ ರಿಜಿಸ್ಟರುಗಳಿಂದಲ್ಲ.

ಯಾಕೆ? ನೋಂದಣಿಗೆ ಕಾಲಂ ಇದೆ, ಹೆರಿಗೆಗೆ ಕಾಲಂ ಇದೆ, ಎರಡಕ್ಕೂ ಕಾಸಿದೆ. ಮೂರನೇ ತಿಂಗಳು ಬರೆದ ಬಸುರಿ ಐದನೇ ತಿಂಗಳಿಗೆ ಬಸುರಿಯಾಗಿ ಉಳಿಯಲಿಲ್ಲವಲ್ಲ, ಏನಾಯಿತಮ್ಮ ಅಂತ ಮನೆ ಬಾಗಿಲಿಗೆ ಹೋಗಿ ಕೇಳುವುದಕ್ಕೆ? ಅದಕ್ಕೆ ಕಾಸೂ ಇಲ್ಲ, ರಕ್ಷಣೆಯೂ ಇಲ್ಲ. ಊರವರ ಜೊತೆ ನಿಷ್ಠುರ ಕಟ್ಟಿಕೊಳ್ಳುವವರು ಯಾರು? ಎಲ್ಲಿ ಕಾಸಿದೆಯೋ ಅಲ್ಲಿ ಕಣ್ಣು. ಇದು ಮನುಷ್ಯ ಸ್ವಭಾವ.

ಹಾಗಾದರೆ ಕಾಸು ಕಟ್ಟಿದ್ದೇ ತಪ್ಪಾ?

ಅಲ್ಲ. ನಾನು ಒಂದು ಕಣ್ಣಿಗೆ ಬೆಣ್ಣೆ ಒಂದು ಕಣ್ಣಿಗೆ ಸುಣ್ಣ ಹಚ್ಚುವವನಲ್ಲ. ೨೦೦೫-೦೬ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ ೬೫ರಷ್ಟು ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. ೨೦೧೯-೨೧ರ ಸಮೀಕ್ಷೆಯ ಹೊತ್ತಿಗೆ ಅದು ೯೭. ಲಕ್ಷ ಹೆರಿಗೆಗೆ ಸಾಯುವ ತಾಯಂದಿರ ಸಂಖ್ಯೆ ೨೦೦೪-೦೬ರಲ್ಲಿ ೨೧೩ ಇದ್ದದ್ದು ೨೦೧೮-೨೦ರಲ್ಲಿ ೬೯ಕ್ಕೆ ಇಳಿಯಿತು. ರಸ್ತೆ ಬಂತು, ೧೦೮ ಬಂತು, ಹೆಣ್ಣುಮಕ್ಕಳು ಓದಿದರು. ಜೊತೆಗೆ ಆಶಾ ಕಾರ್ಯಕರ್ತೆಯರ ಕಾಲು ಸವೆದವು. ೬೦೦ ರೂಪಾಯಿಯ ಪಾಲೂ ಅದರಲ್ಲಿ ಇದೆ. ಇಲ್ಲ ಅಂದರೆ ಪಾಪ ಸುತ್ತಿಕೊಳ್ಳುತ್ತದೆ.

"ಬರೀ ಸಂಬಳ ಕೊಟ್ಟರೆ ಯಾರು ಕೆಲಸ ಮಾಡುತ್ತಾರೆ? ತಿಂಗಳ ಕೊನೆಗೆ ಬಂದೇ ಬರುತ್ತದೆ ಅಂತ ಕೂರುತ್ತಾರೆ" ಅನ್ನುವವರಿದ್ದಾರೆ. ಆ ಮಾತನ್ನೂ ತಳ್ಳಿಹಾಕುವುದಿಲ್ಲ. ಬಾಗಿಲು ಹಾಕಿದ ಉಪಕೇಂದ್ರ ನೋಡದ ಹಳ್ಳಿಯವನು ಯಾರು? ಪ್ರಶ್ನೆ ಕಾಸು ಕಟ್ಟಬೇಕೋ ಬೇಡವೋ ಅನ್ನುವುದಲ್ಲ. ಯಾವುದಕ್ಕೆ ಕಟ್ಟಬೇಕು, ಎಷ್ಟು ಕಟ್ಟಬೇಕು, ಕಟ್ಟಿದ ಗಂಟು ಬಿಚ್ಚುವವರು ಯಾರಿಗೆ ಉತ್ತರ ಹೇಳಬೇಕು ಅನ್ನುವುದು.

ಇದಕ್ಕೆ ನಮ್ಮ ಕರ್ನಾಟಕದಲ್ಲೇ ಒಂದು ಪರೀಕ್ಷೆ ನಡೆದಿದೆ ಅಂದರೆ ಎಷ್ಟು ಜನಕ್ಕೆ ಗೊತ್ತು? ಮನೋಜ್ ಮೋಹನನ್ ಮತ್ತು ಅವರ ಜೊತೆಗಾರ ಸಂಶೋಧಕರು ನಮ್ಮ ರಾಜ್ಯದ ಗ್ರಾಮಾಂತರದ ಖಾಸಗಿ ಹೆರಿಗೆ ವೈದ್ಯರನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿದರು. ಒಂದು ಗುಂಪಿಗೆ 'ಮಾಡಬೇಕಾದ ಕ್ರಮಗಳನ್ನು ಸರಿಯಾಗಿ ಮಾಡಿದರೆ ದುಡ್ಡು' ಅಂದರು. ಇನ್ನೊಂದು ಗುಂಪಿಗೆ 'ಹೇಗಾದರೂ ಮಾಡಿ, ತಾಯಿ ಮಗುವಿನ ಆರೋಗ್ಯ ಚೆನ್ನಾಗಿದ್ದರೆ ದುಡ್ಡು' ಅಂದರು. ಮೂರನೆಯ ಗುಂಪಿಗೆ ಎರಡೂ ಇಲ್ಲ. ೨೦೨೧ರಲ್ಲಿ ಇದರ ಫಲ ಅಮೆರಿಕದ ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ಅಚ್ಚಾಯಿತು. ದುಡ್ಡು ಸಿಕ್ಕ ಎರಡೂ ಕಡೆ ಹೆರಿಗೆಯ ನಂತರದ ರಕ್ತಸ್ರಾವ ಐದರಲ್ಲಿ ಒಂದು ಪಾಲಿನಷ್ಟು ಇಳಿಯಿತು. ಆದರೆ 'ಹೇಗಾದರೂ ಮಾಡಿ' ಅಂದ ಗುಂಪಿನಲ್ಲಿ ದೊಡ್ಡ ಓದು ಓದಿದ ವೈದ್ಯರು ಮಾತ್ರ ಹೊಸ ದಾರಿ ಹುಡುಕಿ ಮೇಲುಗೈ ಸಾಧಿಸಿದರು. 'ಕ್ರಮಕ್ಕೆ ದುಡ್ಡು' ಅಂದ ಗುಂಪಿನಲ್ಲಿ ಓದಿನ ಹೆಚ್ಚು ಕಡಿಮೆ ಲೆಕ್ಕಕ್ಕೆ ಬರಲಿಲ್ಲ.

ಇದನ್ನು ನಮ್ಮ ಹಳ್ಳಿಗೆ ತಂದು ನೋಡಿ. ಸ್ಪೆಷಲಿಸ್ಟ್ ಡಾಕ್ಟರ ಕೈಯಲ್ಲಿ ಔಷಧಿ ಇದೆ, ಆಪರೇಷನ್ ಕೋಣೆ ಇದೆ, ನಿರ್ಧಾರ ಇದೆ. ಅವರಿಗೆ ಫಲಿತಾಂಶ ಕೇಳಿ, ತಪ್ಪಿಲ್ಲ. ಹತ್ತನೇ ಕ್ಲಾಸು ಓದಿದ ಆಶಾ ಕಾರ್ಯಕರ್ತೆಯ ಕೈಯಲ್ಲಿ ಏನಿದೆ? ಒಂದು ತಕ್ಕಡಿ, ಒಂದು ಥರ್ಮಾಮೀಟರು, ಎರಡು ಕಾಲು. ಅವಳ ಹತ್ತಿರ ಮಗು ೪೨ನೇ ದಿನ ಬದುಕಿರಬೇಕು ಅಂತ ಷರತ್ತು ಹಾಕುವುದು ಯಾವ ನ್ಯಾಯ? ಅವಳಿಗೆ ಹೋದ ಭೇಟಿಗೆ ಕಾಸು ಕೊಡಿ. ಬಿತ್ತಿದವನಿಗೆ ಕೂಲಿ ಕೊಡದೆ, ಮಳೆ ಬರಲಿಲ್ಲ ನಿನ್ನದೇ ತಪ್ಪು ಅನ್ನುವ ಗೌಡ ಹಿಂದೆ ಇದ್ದ. ಈಗ ಅವನು ಕಾಗದದಲ್ಲಿ ಕೂತಿದ್ದಾನೆ.

ಇಂಗ್ಲಿಷರ ಒಂದು ಒಳ್ಳೆಯ ಕಾಲಂ

ಇಂಗ್ಲಿಷ್ ಭಾಷೆಯ ಹೇರಿಕೆ ನಮಗೆ ಬೇಡ. ಆದರೆ ಇಂಗ್ಲೆಂಡಿನವರ ಒಂದು ಕಾಲಂ ಬೇಕು!

೨೦೦೪ರ ಏಪ್ರಿಲಿನಲ್ಲಿ ಬ್ರಿಟನ್ನಿನ ಸರ್ಕಾರ ತನ್ನ ಕುಟುಂಬ ವೈದ್ಯರಿಗೆ ಗುಣಮಟ್ಟದ ಅಂಕಕ್ಕೆ ತಕ್ಕ ಹಣ ಅಂತ ದೊಡ್ಡ ಯೋಜನೆ ತಂದಿತು. ಸಕ್ಕರೆ ಕಾಯಿಲೆ, ಬಿ.ಪಿ., ಹೃದಯದ ಕಾಯಿಲೆ, ಎಲ್ಲದಕ್ಕೂ ಗುರಿ. ಜೊತೆಗೆ ಒಂದು ಅವಕಾಶ ಇಟ್ಟಿತು. ರೋಗಿ ಬೇಡ ಅಂದರೆ, ವಯಸ್ಸಾಗಿ ಆ ಔಷಧಿ ತಡೆಯದಿದ್ದರೆ, ಕರೆದರೂ ಬರದಿದ್ದರೆ, ವೈದ್ಯರು ಕಾರಣ ದಾಖಲಿಸಿ ಅವನನ್ನು ಲೆಕ್ಕದಿಂದ ಹೊರಗಿಡಬಹುದು. ಬೇಡವಾದ ಔಷಧಿಯನ್ನು ಗುರಿಗಾಗಿ ಅಜ್ಜಿಯ ಬಾಯಿಗೆ ತುರುಕಬೇಕಾಗಿಲ್ಲ. ಸುಳ್ಳು ಬಿ.ಪಿ. ಬರೆಯಬೇಕಾಗಿಯೂ ಇಲ್ಲ.

ಎಲ್ಲರೂ ಇದನ್ನೇ ನೆಪ ಮಾಡಿಕೊಂಡು ಕಷ್ಟದ ರೋಗಿಗಳನ್ನೆಲ್ಲ ಹೊರಗೆ ಹಾಕಿದರಾ? ಮೊದಲ ವರ್ಷ ಲೆಕ್ಕ ಹಾಕಿದವರಿಗೆ ಸಿಕ್ಕಿದ್ದು, ಸಾಧಾರಣ ಒಂದು ಕ್ಲಿನಿಕ್ಕು ಹೊರಗಿಟ್ಟದ್ದು ನೂರಕ್ಕೆ ೬ ಜನರನ್ನು. ೧೫ ದಾಟಿದವರು ನೂರಕ್ಕೆ ಒಬ್ಬರ ಆಸುಪಾಸು. ಆ ಒಬ್ಬರು ಯಾರು ಅಂತ ಗೊತ್ತಾದದ್ದು ಕಾಲಂ ಇದ್ದದ್ದರಿಂದ. ಯೋಜನೆಯಲ್ಲಿ ಬೇರೆ ಹುಳುಕುಗಳಿದ್ದವು, ಸ್ಕಾಟ್ಲೆಂಡಿನವರು ೨೦೧೬ರಲ್ಲಿ ಅದನ್ನು ಕೈಬಿಟ್ಟರು. ಆದರೆ ಆ ಒಂದು ಪಾಠ ಉಳಿಯುತ್ತದೆ. ವಿವೇಚನೆಗೆ ಬಾಗಿಲು ಇಟ್ಟರೆ ಅದು ಬಾಗಿಲಲ್ಲಿ ಬರುತ್ತದೆ, ಎಣಿಸಬಹುದು. ಬಾಗಿಲು ಮುಚ್ಚಿದರೆ ಹಿತ್ತಲಿಂದ ಬರುತ್ತದೆ. ನಮ್ಮ ಇಬ್ಬರು ನರ್ಸಮ್ಮಂದಿರ ಕತೆಯೂ ಇದೇ ಅಲ್ಲವಾ?

ನೆನಪಿಡಿ, ಈ ಪದ್ಧತಿ ಆಶಾ ಕಾರ್ಯಕರ್ತೆಯರಿಗೆ ಮುಗಿಯುವುದಿಲ್ಲ. ಈಗ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಬಂದಿರುವ ಸಮುದಾಯ ಆರೋಗ್ಯಾಧಿಕಾರಿಗಳ ಸಂಬಳವೂ ಎರಡು ತುಂಡು. ಒಂದು ಖಾಯಂ, ಒಂದು ಸಾಧನೆಗೆ ತಕ್ಕದ್ದು. ಸಾಧನೆಯನ್ನು ನೋಡಿ ಸರಿ ಅನ್ನಬೇಕಾದವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ. ಬಿ.ಪಿ. ನೋಡಿದ್ದು ಎಷ್ಟು, ಶುಗರ್ ನೋಡಿದ್ದು ಎಷ್ಟು ಅಂತ ಲೆಕ್ಕ. ಅಮಾವಾಸ್ಯೆಗೆ ಕಾಲಭೈರವನ ದರ್ಶನಕ್ಕೆ ಬೆಟ್ಟ ಹತ್ತುವ ಮುದುಕಪ್ಪನಿಗೆ ಬಿ.ಪಿ. ಯಾಕೆ ಇಳಿದಿಲ್ಲ ಅಂತ ಅರ್ಧ ಗಂಟೆ ಕೂತು ಮಾತಾಡಿದ್ದಕ್ಕೆ ಲೆಕ್ಕ ಎಲ್ಲಿ? ನಾಳೆ ಎಲ್ಲರ ಸಂಬಳವೂ ಹೀಗೆ ಆಗಬಹುದು. ಈಗಲೇ ಗೆರೆ ಸರಿಯಾಗಿ ಎಳೆಯೋಣ.

ನಮ್ಮ ಕೇಳಿಕೆ

ಹಾದಿಬೀದಿಯಲ್ಲಿ ಕೂಗುವುದು ಮಾತ್ರ ಚಳವಳಿಯಲ್ಲ. ಬೇಕಾದದ್ದು ಇಂಥದ್ದು ಅಂತ ಬಿಡಿಸಿ ಹೇಳಬೇಕು. ಹೇಳುತ್ತೇನೆ.

ಒಂದು. ಪ್ರತಿ ಪ್ರೋತ್ಸಾಹಧನದ ನಮೂನೆಯಲ್ಲೂ 'ಕಾರಣ' ಅಂತ ಒಂದು ಕಾಲಂ. ಕೊಟ್ಟರೂ ಕಾರಣ, ತಡೆದರೂ ಕಾರಣ. ಬರೆದವರ ಸಹಿ, ತಾರೀಖು. ಕನ್ನಡದಲ್ಲಿ. ಬಾಯಿಮಾತಿನಲ್ಲಿ 'ಬರಲ್ಲ ಹೋಗಮ್ಮ' ಅನ್ನುವಂತಿಲ್ಲ.

ಎರಡು. ಹೋದ ಭೇಟಿಗೆ ಕಾಸು. ಮಗು ಬದುಕಿತೋ ಇಲ್ಲವೋ ಅನ್ನುವ ಷರತ್ತು ಆಶಾ ಕಾರ್ಯಕರ್ತೆಯ ತಲೆಯ ಮೇಲಿಂದ ಇಳಿಯಬೇಕು. ಸಾವನ್ನು ಸಾವು ಅಂತ ಬರೆಯಲು ಯಾರೂ ಹೆದರಬಾರದು.

ಮೂರು. ತವರಿನ ಹೆರಿಗೆಗೆ ಎರಡು ಹೆಸರಿನ ಜಾಗ. ಆರು ತಿಂಗಳು ನೋಡಿದವಳ ಪಾಲು ಅವಳಿಗೆ, ರಾತ್ರಿ ಆಂಬ್ಯುಲೆನ್ಸ್ ಹತ್ತಿದವಳ ಪಾಲು ಇವಳಿಗೆ. ಪೋರ್ಟಲಿನ ತೆರೆ ಇದಕ್ಕೆ ಒಪ್ಪುವುದಿಲ್ಲ ಅಂದರೆ ತೆರೆಯನ್ನು ತಿದ್ದಿ. ನಮ್ಮ ಹೆಣ್ಣುಮಕ್ಕಳ ತವರನ್ನು ತಿದ್ದಲು ಬರಬೇಡಿ.

ನಾಲ್ಕು. ಖಾಯಂ ಗೌರವಧನ ಬದುಕಲು ಸಾಕಾಗುವಷ್ಟು ಇರಲಿ, ಪ್ರೋತ್ಸಾಹಧನ ಉಪ್ಪಿನಕಾಯಿಯಷ್ಟು ಇರಲಿ. ಈಗ ಉಪ್ಪಿನಕಾಯಿಯನ್ನೇ ಊಟ ಮಾಡಿ ಅಂತ ಎಲೆ ಹಾಕಿದ್ದೀರಿ.

ಐದು. ಯಾವ ಕೆಲಸಕ್ಕೆ ಎಷ್ಟು, ಷರತ್ತು ಏನು, ಎಷ್ಟು ದಿನದಲ್ಲಿ ಬರಬೇಕು, ಬರದಿದ್ದರೆ ಯಾರನ್ನು ಕೇಳಬೇಕು, ಇಷ್ಟನ್ನು ದಪ್ಪ ಕನ್ನಡ ಅಕ್ಷರದಲ್ಲಿ ಪ್ರತಿ ಆರೋಗ್ಯ ಕೇಂದ್ರದ ಗೋಡೆಗೆ ಅಂಟಿಸಬೇಕು. ೧೯೬೩ರಲ್ಲೇ ಈ ರಾಜ್ಯಕ್ಕೆ ಕನ್ನಡ ಆಡಳಿತ ಭಾಷೆ ಅಂತ ಕಾಯಿದೆ ಆಗಿದೆ. ಅರವತ್ತು ವರ್ಷ ದಾಟಿದರೂ ನನ್ನ ತಮ್ಮನ ಹೆಂಡತಿ ತನ್ನ ಕೂಲಿಯ ಷರತ್ತು ಓದಿಸಿಕೊಳ್ಳಲು ಪ್ರೆಸ್ಸಿಗೆ ಬರಬೇಕಾ?

ಭಾಷೆಯ ವಿಷಯ ಇಲ್ಲಿ ಅಲಂಕಾರಕ್ಕೆ ತಂದದ್ದಲ್ಲ. ನಿಯಮ ಕೆಲಸಗಾರಳಿಗೆ ತಿಳಿಯದ ಭಾಷೆಯಲ್ಲಿದ್ದರೆ ಅದನ್ನು ಓದಬಲ್ಲವನೇ ನಿಯಮವಾಗುತ್ತಾನೆ. ಅವನು ಒಳ್ಳೆಯವನಾದರೆ ಇವಳ ಪುಣ್ಯ, ಕೆಟ್ಟವನಾದರೆ ಇವಳ ಕರ್ಮ. ಹಕ್ಕು ಅನ್ನುವುದು ಪುಣ್ಯ ಕರ್ಮದ ಲೆಕ್ಕದಲ್ಲಿ ಇರಬಾರದು. ಕನ್ನಡದ ಹೋರಾಟ ಬೋರ್ಡಿಗೆ ಮಸಿ ಬಳಿಯುವಲ್ಲಿಗೆ ನಿಲ್ಲಬಾರದು, ರಿಜಿಸ್ಟರಿನ ಒಳಗೂ ಹೋಗಬೇಕು.

ಡಾಕ್ಟರುಗಳೇ, ನರ್ಸಮ್ಮಂದಿರೇ, ನಿಮ್ಮ ಮೇಲೆ ನನಗೆ ಹಗೆ ಇಲ್ಲ. ನಿಮ್ಮ ವಿವೇಚನೆಯನ್ನು ಕಿತ್ತುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಅದಿಲ್ಲದೆ ಆಸ್ಪತ್ರೆ ನಡೆಯುವುದಿಲ್ಲ, ಮಿಷನ್ನು ಮಾತ್ರ ನಡೆಯುತ್ತದೆ. ಅದನ್ನು ಕದ್ದು ಮಾಡಬೇಕಾದ ಸ್ಥಿತಿ ನಿಮಗೂ ಬೇಡ, ನಮಗೂ ಬೇಡ ಅಂತ ಹೇಳುತ್ತಿದ್ದೇನೆ. ಕರುಣೆ ತೋರಿಸಲು ಸುಳ್ಳು ಬರೆಯಬೇಕಾದ ಪದ್ಧತಿ ಕೆಟ್ಟ ಪದ್ಧತಿ.

ಕೊನೆಗೆ ಒಂದು ಮಾತು. ನನ್ನ ಕೈಲಾದದ್ದು ಗೆರೆ ಎಳೆಯುವುದು. ಆ 'ಕಾರಣ'ದ ಕಾಲಂ ಇರುವ ಒಂದು ನಮೂನೆಯನ್ನು ಕನ್ನಡದಲ್ಲಿ ಕಂಪೋಸ್ ಮಾಡಿ ಇಟ್ಟಿದ್ದೇನೆ. ಗೋಡೆಗೆ ಅಂಟಿಸುವ ಹಾಳೆಯೂ ತಯಾರಿದೆ. ಯಾವ ಆರೋಗ್ಯ ಕೇಂದ್ರದವರು ಬಂದು ಕೇಳಿದರೂ ಮೊದಲ ನೂರು ಪ್ರತಿ ಕಾಸಿಲ್ಲದೆ 'ಹೊಡೆದು' ಕೊಡುತ್ತೇನೆ. ಕಾಗದ ನನ್ನದು, ಮಸಿ ನನ್ನದು.

ಆ ಸಂಜೆ ಹೊರಡುವಾಗ ತಮ್ಮನ ಹೆಂಡತಿ ಕೇಳಿದಳು: "ಕಾಸು ಹೋಗ್ಲಿ ಭಾವ. ನಾನು ಐದು ಸಲ ಹೋಗಿದ್ದೆ ಅನ್ನೋದು ಎಲ್ಲಾದ್ರೂ ಬರ್ದಿರುತ್ತಾ?"

ಅಧಿಕಾರಿಗಳೇ, ಅವಳಿಗೆ ಉತ್ತರ ಹೇಳಿ.

ಜೈ ಕರ್ನಾಟಕ.